ಗುಳಿ ಮೇಲೆ ಗುಳಿ ಬರಬಾರದು

ಈ ಸಲ ನಾನು ಆಡಿದ ಮೂರು ವಿಡಿಯೊ ಗೇಮ್‌ಗಳ ಬಗ್ಗೆ ಮಾತಾಡುತ್ತೇನೆ. ವಿಮರ್ಶೆ ಅಂದುಕೊಳ್ಳಬೇಡಿ, ನನಗೆ ಅನ್ನಿಸಿದ್ದು ಅಷ್ಟೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನನಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹೇಳುತ್ತಿದ್ದೇನೆ. ಪತ್ರಿಕೆಗೆ ಕನ್ನಡದಲ್ಲಿ ಟೈಪ್ ಮಾಡಿಕೊಡುವುದು ಅಮ್ಮ. ಯಾವುದಾದರೂ ವಾಕ್ಯ ತುಂಬಾ ಚೆನ್ನಾಗಿದೆ ಅನ್ನಿಸಿದರೆ ಅದು ಅವಳು ತಿದ್ದಿದ್ದು.

ಮೊದಲು ರಾಜಿ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ಗೇಮ್. ರಾಜಿ ಎಂಬ ಹುಡುಗಿ, ರಾಕ್ಷಸರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕುತ್ತಾ ಹೋಗುತ್ತಾಳೆ. ದುರ್ಗೆ, ವಿಷ್ಣು ಎಲ್ಲ ಇದ್ದಾರೆ. ಸ್ನೇಹಿತರಿಗೆಲ್ಲ ತೋರಿಸಿ ಹೆಮ್ಮೆಪಟ್ಟೆ. ಆದರೆ ಆ ಕೋಟೆ, ಗೋಡೆಯ ಚಿತ್ರ ನೋಡಿ ಮುಗಿದ ಮೇಲೆ ಹೊಡೆದಾಟ ಬೇಜಾರು ಬಂತು. ಕಥೆಯೂ ನಡುವೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ನಮ್ಮ ದೇವರು ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಎಷ್ಟು ಹೊತ್ತು ಆಡಲು ಆಗುತ್ತದೆ?

ಇದಕ್ಕಿಂತ ನಮ್ಮ ಮನೆಗೆ ಹತ್ತಿರ ಅನ್ನಿಸಿದ್ದು ಎಲ್ಲೂ ಇಲ್ಲದ ದೇಶವೊಂದರ ಗೇಮ್. ಹೆಸರು ಪೇಪರ್ಸ್, ಪ್ಲೀಸ್. ಲ್ಯೂಕಸ್ ಪೋಪ್ 2013ರಲ್ಲಿ ಮಾಡಿದ್ದು. ಅರ್ಸ್ಟೋಟ್ಸ್ಕಾ ಎಂಬ ದೇಶದ ಗಡಿ, ವರ್ಷ 1982. ನೀವು ಕಿಟಕಿಯ ಹಿಂದೆ ಕೂತ ಅಧಿಕಾರಿ. ಜನ ಸಾಲಾಗಿ ಬರುತ್ತಾರೆ, ಕಾಗದ ಕೊಡುತ್ತಾರೆ, ನೀವು ಹಸಿರು ಮುದ್ರೆಯನ್ನೋ ಕೆಂಪು ಮುದ್ರೆಯನ್ನೋ ಒತ್ತಬೇಕು. ಎಷ್ಟು ಜನರನ್ನು ನೋಡಿದಿರೋ ಅಷ್ಟು ಸಂಬಳ. ಸಂಜೆ ಆ ದುಡ್ಡಿನಲ್ಲೇ ಮನೆಯವರ ಊಟ, ಬಾಡಿಗೆ, ಚಳಿಗೆ ಹೀಟರು, ಔಷಧಿ.

ಒಂದು ದಿನ ಒಬ್ಬ ಗಂಡಸು ಬರುತ್ತಾನೆ. ಕಾಗದ ಎಲ್ಲ ಸರಿ. ಹೋಗುವಾಗ, ನನ್ನ ಹಿಂದೆ ಹೆಂಡತಿ ಬರುತ್ತಾಳೆ, ಸ್ವಲ್ಪ ನೋಡಿಕೊಳ್ಳಿ ಅನ್ನುತ್ತಾನೆ. ಅವಳ ಹತ್ತಿರ ಪ್ರವೇಶ ಪತ್ರ ಇಲ್ಲ. ನಾನು ಕೆಂಪು ಮುದ್ರೆ ಒತ್ತಿದೆ. ದುಡ್ಡು ಕಡಿಮೆ ಆಗುತ್ತದೆ ಅಂತ ಹೆದರಿಕೆ. ಆಮೇಲೆ ಗೊತ್ತಾಯಿತು, ದಿನದ ಮೊದಲ ಎರಡು ತಪ್ಪಿಗೆ ದಂಡ ಇಲ್ಲ, ಬರೀ ಎಚ್ಚರಿಕೆ. ಅವಳನ್ನು ಒಳಗೆ ಬಿಟ್ಟಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ.

ನಮ್ಮ ಅಜ್ಜಿ ಇಲ್ಲಿಗೆ ಬರಬೇಕಿತ್ತು. ಏನೋ ಒಂದು ಕಾಗದ ಸಾಲದು ಅಂತ ವೀಸಾ ಸಿಗಲಿಲ್ಲ. ಅಮ್ಮ ಎಷ್ಟೋ ದಿನ ಆ ಅಧಿಕಾರಿಯನ್ನು ಬೈದುಕೊಂಡು ಓಡಾಡುತ್ತಿದ್ದಳು, ನಾನೂ ದನಿಗೂಡಿಸುತ್ತಿದ್ದೆ. ಈ ಗೇಮ್ ಆಡಿದ ಮೇಲೆ ನನಗೆ ಬೈಯಲು ಬಾಯಿ ಬರುವುದಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನೀವೇ ಹೇಳಿ.

ಇನ್ನು ವೆಣ್ಬಾ. 2023ರಲ್ಲಿ ಬಂತು, ಮಾಡಿದವರು ಇಲ್ಲೇ ನಮ್ಮ ಟೊರಾಂಟೊದ ವಿಸೈ ಗೇಮ್ಸ್. 1988ರಲ್ಲಿ ಕೆನಡಾದಲ್ಲಿರುವ ತಮಿಳು ಗಂಡ ಹೆಂಡತಿ, ಅವರಿಗೆ ಹುಟ್ಟುವ ಮಗ ಕವಿನ್. ಆಟ ಅಂದರೆ ಅಡುಗೆ ಮಾಡುವುದು. ವೆಣ್ಬಾಳ ಅಮ್ಮನ ಅಡುಗೆ ಪುಸ್ತಕ ಹಾಳಾಗಿದೆ, ಅಳಿಸಿಹೋದದ್ದನ್ನು ನೀವು ಊಹಿಸಬೇಕು. ತೀರ ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಕೊಟ್ಟ ದುಡ್ಡಿಗೆ ಕಡಿಮೆ ಆಯಿತು ಅಂತ ನನ್ನ ತಂಗಿಯ ದೂರು. ನಾನು ಒಪ್ಪುವುದಿಲ್ಲ.

ಮೊದಲ ಅಡುಗೆ ಇಡ್ಲಿ. ನಾನು ತಟ್ಟೆಗಳನ್ನು ಹೇಗೆ ಜೋಡಿಸಿದರೂ ತಪ್ಪು. ಬಟ್ಟೆ ಮಡಚುತ್ತಿದ್ದ ಅಮ್ಮ ಹಿಂದಿನಿಂದ ನೋಡಿ, "ಗುಳಿ ಮೇಲೆ ಗುಳಿ ಬರಬಾರದು ಕಣೋ, ಹಬೆ ಹೋಗೋದಕ್ಕೆ ಜಾಗ ಬೇಡವಾ? ತಟ್ಟೆ ತಿರುಗಿಸು" ಅಂದಳು. ತಿರುಗಿಸಿದೆ, ಇಡ್ಲಿ ಬಂತು. ನಾನು ಆಡುವ ಗೇಮ್ ಒಂದನ್ನು ಅವಳು ಕೂತು ನೋಡಿದ್ದು ಅದೇ ಮೊದಲು.

ಕೊನೆಯ ಹತ್ತಿರ ಆಟ ದೊಡ್ಡವನಾದ ಕವಿನ್‌ನ ಕೈಗೆ ಬರುತ್ತದೆ. ಅವನಿಗೆ ತಮಿಳು ಸರಿಯಾಗಿ ಓದಲು ಬರುವುದಿಲ್ಲ. ಪುಸ್ತಕದಲ್ಲಿ ಅರ್ಧ ಗೊತ್ತಾಗುತ್ತದೆ, ಅರ್ಧ ಇಲ್ಲ. ಅಮ್ಮ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ಆಟ ಮುಗಿದ ಮೇಲೆ ಅವಳು ಅಡುಗೆಮನೆಯ ಡ್ರಾಯರಿನಿಂದ ಅಜ್ಜಿಯ ನೋಟ್‌ಬುಕ್ ತಂದಳು. ಅಜ್ಜಿ ತೀರಿಕೊಂಡ ಮೇಲೆ ಊರಿಂದ ಬಂದಿದ್ದು. ಸಾರಿನ ಪುಡಿಯ ಪುಟ ತೆಗೆದು, "ಓದು ನೋಡೋಣ" ಅಂದಳು. ಹತ್ತು ನಿಮಿಷ ಒದ್ದಾಡಿ, ಧ ಯಾವುದು ಥ ಯಾವುದು ಅಂತ ಕೇಳಿ ಕೇಳಿ, ಧನಿಯ ಓದಿದೆ, ಜೀರಿಗೆ ಓದಿದೆ. ಮೂರನೆಯ ಸಾಲಿನಲ್ಲಿ "ಮೆ" ಅಂತ ಒಂದು ಅಕ್ಷರ, ಉಳಿದದ್ದೆಲ್ಲ ಎಣ್ಣೆ ಕಲೆ. ಅಮ್ಮನಿಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ದೀಪದ ಹತ್ತಿರ ಹಿಡಿದಳು. ಮೆಂತ್ಯವೋ ಮೆಣಸೋ ಅವಳಿಗೂ ಗೊತ್ತಾಗಲಿಲ್ಲ. ಅಳತೆ ಮಾತ್ರ ಸ್ಪಷ್ಟವಾಗಿದೆ, ಅರ್ಧ ಪಾವು. ಅಷ್ಟು ಮೆಂತ್ಯ ಹಾಕಿದರೆ ಸಾರು ಬಾಯಿಗಿಡಲಾಗದಷ್ಟು ಕಹಿ, ಮೆಣಸೇ ಇರಬೇಕು ಅನ್ನುತ್ತಾಳೆ ಅಮ್ಮ. ಚಿಕ್ಕಮ್ಮನಿಗೆ ಫೋನ್ ಮಾಡಿದೆವು, ಅವಳು ಮೆಂತ್ಯ ಅಂದಳು. ಈ ಭಾನುವಾರ ಸ್ವಲ್ಪ ಸ್ವಲ್ಪವೇ ಎರಡೂ ಥರ ಪುಡಿ ಮಾಡಿ ನೋಡುತ್ತೇವೆ.