ಅಂಗಾಲಿನ ಕಪ್ಪು ಕಲೆ: ಆಪರೇಷನ್ ಬೇಕೇ, ಕರೆಂಟ್ ಸಾಕೇ?



ಆರೋಗ್ಯದ ಬಗ್ಗೆ ನಾಲ್ಕು ಮಾತು ಎಂದಾಗ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ನೀವು ನಿರೀಕ್ಷಿಸಿರಬಹುದು. ನಾನು ಆರಿಸಿಕೊಂಡದ್ದು ನಮ್ಮವರಲ್ಲಿ ಅಪರೂಪವಾದ ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಅಪರೂಪವಾದ್ದರಿಂದಲೇ ಯಾರೂ ಅನುಮಾನಿಸುವುದಿಲ್ಲ, ಪತ್ತೆಯಾಗುವುದು ತಡವಾಗುತ್ತದೆ. ತಡವಾದರೆ ಪ್ರಾಣಕ್ಕೇ ಸಂಚಕಾರ.

“ಅದು ಬಿಳಿಯರ ಕಾಯಿಲೆಯಲ್ಲವೇ?” ಎಂದು ಕೇಳುತ್ತೀರಿ. ಬಿಸಿಲಿನಿಂದ ಬರುವ ಮೆಲನೋಮಾ ಆಸ್ಟ್ರೇಲಿಯಾದಂಥ ದೇಶಗಳ ಬಿಳಿಯರಲ್ಲಿ ಹೆಚ್ಚು ಎಂಬುದು ನಿಜ. ಆದರೆ ನಮ್ಮಂಥ ಕಂದು ಚರ್ಮದವರಲ್ಲಿ, ಇಲ್ಲಿನ ಮಲಯರಲ್ಲಿ, ಚೀನೀಯರಲ್ಲಿ ಅದು ಬಿಸಿಲು ಬೀಳದ ಕಡೆ ಅಡಗಿರುತ್ತದೆ: ಅಂಗಾಲು, ಅಂಗೈ, ಉಗುರಿನ ಅಡಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಮೆಲನೋಮಾ ಪತ್ತೆಯಾದದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲಿ. 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ 36.

ಈ ಕಾಯಿಲೆ ಎಂದು ತಿಳಿದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಒಂದಿದೆ. “ಕತ್ತರಿಸದೆ, ಬರೀ ಕರೆಂಟ್ ಕೊಟ್ಟು ವಾಸಿ ಮಾಡಲಾಗದೇ?” ನಮ್ಮ ಜನ ಕರೆಂಟ್ ಎನ್ನುವುದು ವಿಕಿರಣ ಚಿಕಿತ್ಸೆಗೆ, ಅಂದರೆ ರೇಡಿಯೋಥೆರಪಿಗೆ. ಪ್ರಶ್ನೆ ನ್ಯಾಯವಾದದ್ದೇ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ, ಗಂಟಲಿನ ಕ್ಯಾನ್ಸರಿನಲ್ಲಿ ವಿಕಿರಣದಿಂದಲೇ ಗುಣವಾದವರನ್ನು ನಾವು ಕಂಡಿದ್ದೇವೆ. ಆದರೆ ಆರಂಭದ ಮೆಲನೋಮಾಗೆ ಉತ್ತರ ಬೇರೆ: ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ.

ಕಾರಣ ಎರಡು. ಒಂದು, ವಿಕಿರಣ ಕೆಲಸ ಮಾಡುವುದು ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಟ್ಟು. ದಿನಕ್ಕೆ ಸ್ವಲ್ಪಸ್ವಲ್ಪದಂತೆ ಕೆಲವು ವಾರ ಕೊಟ್ಟರೆ ಒಳ್ಳೆಯ ಕೋಶಗಳು ನಡುವೆ ಚೇತರಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಮೆಲನೋಮಾದ ಕೋಶಗಳಲ್ಲಿ ಅನೇಕವು ಆ ಪೆಟ್ಟನ್ನು ತಾವೂ ರಿಪೇರಿ ಮಾಡಿಕೊಳ್ಳುತ್ತವೆ. ಆದ್ದರಿಂದ ವಿಕಿರಣವೊಂದನ್ನೇ ನಂಬುವಂತಿಲ್ಲ.

ಎರಡನೆಯದು ಇನ್ನೂ ಮುಖ್ಯ. ಮೆಲನೋಮಾದಲ್ಲಿ ಅಗಲಕ್ಕಿಂತ ಆಳ ದೊಡ್ಡದು. 1970ರಲ್ಲಿ ಅಮೆರಿಕದ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೋ ತೋರಿಸಿಕೊಟ್ಟಂತೆ, ಗಡ್ಡೆ ಎಷ್ಟು ಮಿಲಿಮೀಟರ್ ದಪ್ಪವಾಗಿದೆ ಎಂಬುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ. 1 ಮಿ.ಮೀ. ಒಳಗಿದ್ದರೆ ಸುತ್ತಲೂ ಸುಮಾರು 1 ಸೆಂ.ಮೀ. ಒಳ್ಳೆಯ ಚರ್ಮ ಸೇರಿಸಿ ತೆಗೆಯುತ್ತಾರೆ, 2 ಮಿ.ಮೀ. ಮೀರಿದರೆ 2 ಸೆಂ.ಮೀ. ದಪ್ಪ ಹೆಚ್ಚಿದ್ದರೆ ಕಾಯಿಲೆ ಮೊದಲು ತಲುಪುವ ಗ್ರಂಥಿಯನ್ನೂ ಪರೀಕ್ಷಿಸುತ್ತಾರೆ. ಅಂಗಾಲಿನದಾದರೆ ಅದು ಸಾಮಾನ್ಯವಾಗಿ ತೊಡೆಸಂದಿನಲ್ಲಿರುತ್ತದೆ. ಕತ್ತರಿಸಿ ತೆಗೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ಇಡೀ ಅಳೆಯಬಹುದು, ಅಂಚಿನಲ್ಲಿ ಉಳಿದಿದೆಯೇ ಎಂದು ನೋಡಬಹುದು. ವಿಕಿರಣ ಕೊಟ್ಟರೆ ಅಳೆಯಲು ಕೈಗೆ ಏನೂ ಸಿಗುವುದಿಲ್ಲ.

ಹಾಗಾದರೆ ವಿಕಿರಣಕ್ಕೆ ಕೆಲಸವೇ ಇಲ್ಲವೇ? ಇದೆ. ವಯಸ್ಸಾದವರ ಮುಖದ ಮೇಲೆ ವರ್ಷಗಟ್ಟಲೆ ನಿಧಾನವಾಗಿ ಹರಡುವ ಒಂದು ಬಗೆ ಇದೆ, ಲೆಂಟಿಗೋ ಮಲಿಗ್ನಾ ಎಂದು. ಆಪರೇಷನ್ ಮಾಡಿದರೆ ಕಣ್ಣಿನ ರೆಪ್ಪೆಯೋ ಮೂಗೋ ಹೋಗುತ್ತದೆ ಅಥವಾ ರೋಗಿಯ ದೇಹ ಆಪರೇಷನ್ ತಾಳದು ಎಂಬಲ್ಲಿ ವಿಕಿರಣ ಒಳ್ಳೆಯ ದಾರಿ. ಗ್ರಂಥಿಗಳನ್ನು ತೆಗೆದ ಮೇಲೆ ಅಲ್ಲಿ ಮರುಕಳಿಸದಂತೆಯೂ ಕೊಡುವುದುಂಟು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೈದ್ಯರು ಮುನ್ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮರುಕಳಿಸುವುದು ಕಡಿಮೆಯಾಯಿತು, ಆದರೆ ಆಯುಸ್ಸು ಹೆಚ್ಚಲಿಲ್ಲ. ಮಿದುಳಿಗೋ ಮೂಳೆಗೋ ಹರಡಿದಾಗ ಗಡ್ಡೆಯನ್ನು ತಡೆಯಲು, ನೋವು ತಗ್ಗಿಸಲು ವಿಕಿರಣ ದೊಡ್ಡ ಆಸರೆ. 2011ರಿಂದೀಚೆಗೆ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಗಳೂ ಬಂದಿವೆ. ಅವುಗಳ ಮೂಲ ಸಂಶೋಧನೆಗೆ 2018ರ ನೊಬೆಲ್ ಬಹುಮಾನ ಬಂತು. ಆದರೆ ಅವು ದುಬಾರಿ. ಅಂಗಾಲಿನ ಮೆಲನೋಮಾಗೆ ಫಲವೂ ಸ್ವಲ್ಪ ಕಡಿಮೆ. ತೆಳುವಾಗಿರುವಾಗಲೇ ಕತ್ತರಿಸಿ ತೆಗೆದರೆ ಹೆಚ್ಚಿನವರಿಗೆ ಇದಾವುದೂ ಬೇಕಾಗುವುದಿಲ್ಲ.

“ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ” ಎಂಬ ಮಾತನ್ನು ನಂಬಬೇಡಿ. ಹರಡುವುದು ಚಾಕುವಿನಿಂದಲ್ಲ, ಕಾಯುತ್ತಾ ಕೂತದ್ದರಿಂದ.

ಏನನ್ನು ಗಮನಿಸಬೇಕು? ಅಂಗಾಲಿನಲ್ಲಿ ಹೊಸದಾಗಿ ಬಂದು ಬೆಳೆಯುತ್ತಿರುವ, ಅಂಚು ಸೊಟ್ಟಗಿರುವ, ಬಣ್ಣ ಒಂದೇ ಸಮವಿಲ್ಲದ ಕಲೆ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ; ಆ ಕಪ್ಪು ಪಕ್ಕದ ಚರ್ಮಕ್ಕೂ ಇಳಿದರೆ ಒಂದು ದಿನವೂ ಕಾಯಬೇಡಿ. ಪೆಟ್ಟುಬಿದ್ದು ಕಟ್ಟಿದ ರಕ್ತವಾದರೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ, ಮೆಲನೋಮಾ ಸರಿಯುವುದಿಲ್ಲ. ಕೆಲವು ಕಪ್ಪಗಿರುವುದೇ ಇಲ್ಲ. ಕೆಂಪಾಗಿ, ಮಾಯದ ಹುಣ್ಣಿನಂತಿರುತ್ತವೆ. ಸಕ್ಕರೆ ಕಾಯಿಲೆಯವರು ಅದನ್ನು ಸಕ್ಕರೆಯ ಹುಣ್ಣೆಂದು ಬಿಟ್ಟುಬಿಡುವ ಅಪಾಯ ಹೆಚ್ಚು. ಆಣಿ ಎಂದುಕೊಂಡು ಬ್ಲೇಡಿನಿಂದ ಕೆರೆಯಬೇಡಿ, ಆಸಿಡ್ ಹಚ್ಚಬೇಡಿ.

ಇಲ್ಲಿ ಮಲೇಷಿಯಾದಲ್ಲಿ ಹತ್ತಿರದ ಕ್ಲಿನಿಕ್ ಕೆಸಿಹಾತನ್‌ನಲ್ಲಿ ತೋರಿಸಿ, ಚರ್ಮರೋಗ ತಜ್ಞರಿಗೆ ಪತ್ರ ಬರೆಸಿಕೊಳ್ಳಿ. ಮುಂದೆ ವಿಕಿರಣವೇ ಬೇಕಾದರೆ ಕೌಲಾಲಂಪುರದ ಸರಕಾರಿ ಆಸ್ಪತ್ರೆಯಲ್ಲಿ, 2013ರಲ್ಲಿ ತೆರೆದ ಪುತ್ರಜಯದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಅದು ಸಿಗುತ್ತದೆ. ಊರಿಗೇ ಹೋಗಿ ಬೆಂಗಳೂರಿನ ಕಿದ್ವಾಯಿಯಲ್ಲಿ ತೋರಿಸುತ್ತೇವೆ ಎನ್ನುವವರು ಹೋಗಿ, ಬೇಡ ಎನ್ನುವುದಿಲ್ಲ. ಬಯಾಪ್ಸಿ ವರದಿಯ ಜೊತೆಗೆ ಅದರ ಸ್ಲೈಡು, ಮೇಣದ ಬ್ಲಾಕುಗಳನ್ನೂ ಕೇಳಿ ತೆಗೆದುಕೊಂಡು ಹೋಗಿ. ಟಿಕೆಟ್ ಅಗ್ಗವಾಗಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಮಾತ್ರ ಕಾಯಬೇಡಿ.

ನಾವು ಮನೆಯಲ್ಲೂ ದೇವಸ್ಥಾನದಲ್ಲೂ ಬರಿಗಾಲಲ್ಲಿ ನಡೆಯುವ ಜನ. ಹಿರಿಯರ ಪಾದ ಮುಟ್ಟಿ ನಮಸ್ಕರಿಸುತ್ತೇವೆ, ಅಂಗಾಲನ್ನು ಮಾತ್ರ ಯಾರೂ ತಿರುಗಿಸಿ ನೋಡುವುದಿಲ್ಲ. ತಿಂಗಳಿಗೊಮ್ಮೆ ನಿಮ್ಮದನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ; ಬಗ್ಗಲಾಗದ ಅಪ್ಪ ಅಮ್ಮಂದಿರದನ್ನು ನೀವೇ ನೋಡಿ. ಎರಡು ನಿಮಿಷದ ಕೆಲಸ.