ನಲ್ಲಿ ಇದ್ದರೆ ಸಾಕೆ?



ನಮ್ಮ ಗಡಿ ಊರುಗಳಿಂದ ದುಡಿಯಲು ಗೋವೆಗೆ ಹೋದವರು ಬಹಳ ಮಂದಿ. ಅವರಲ್ಲಿ ಕೆಲವರು ಕೂಡಿಟ್ಟ ಹಣದ ಜೊತೆಗೆ ಊರಿನ ಹೊಲ ಮಾರಿದ ಹಣವನ್ನೂ ಸೇರಿಸಿ ಅಲ್ಲೇ ಒಂದು ಪ್ಲಾಟು, ಒಂದು ಮನೆ ನೋಡುತ್ತಾರೆ. ಮಾರುವವನು ನಲ್ಲಿ ತಿರುಗಿಸಿ ತೋರಿಸುತ್ತಾನೆ. “ನೀರಿದೆ, ಕರೆಂಟಿದೆ, ಇನ್ನೇನು ಬೇಕು?” ಎನ್ನುತ್ತಾನೆ. ಮುಂಗಡ ಕೊಡುವ ಮೊದಲು ತಾವು ಎರಡು ಪ್ರಶ್ನೆ ಕೇಳಬೇಕು. ಈ ನಲ್ಲಿಗೆ ಮೇ ತಿಂಗಳಲ್ಲಿ ನೀರು ಬರುತ್ತದೆಯೇ? ಇದನ್ನು ಯಾವ ಕಾಗದದ ಮೇಲೆ ಕೊಟ್ಟಿದ್ದಾರೆ?

ಮೊದಲು ನೀರಿನ ಮಾತು. ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಆದರೆ ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಕಡಲು ಸೇರುತ್ತದೆ. ಚಿರೆಕಲ್ಲಿನ ಗುಡ್ಡದ ಬಾವಿ ಬೇಸಿಗೆಗೆ ತಳ ಕಾಣುತ್ತದೆ. ಕಡಲಂಚಿನ ಬಾವಿಯಿಂದ ಹೆಚ್ಚು ನೀರೆತ್ತಿದರೆ ಉಪ್ಪಾಗುತ್ತದೆ. ನಲ್ಲಿಯ ನೀರು ದೂರದಿಂದ ಬರಬೇಕು: ದಕ್ಷಿಣ ಗೋವೆಯ ಬಹುಭಾಗಕ್ಕೆ ಸಾಂಗೆ ತಾಲೂಕಿನ ಸಾಳಾವಳಿಯಿಂದ, ಕಾಣಕೋಣಕ್ಕೆ ಚಾಪೋಲಿಯಿಂದ. ಬಾರ್ದೇಸ್, ಪೆಡ್ಣೆ ಕಡೆಗೆ ಮಹಾರಾಷ್ಟ್ರದ ತಿಳಾರಿ ಅಣೆಕಟ್ಟಿನ ಕಾಲುವೆಯೇ ದೊಡ್ಡ ಆಸರೆ. ಆ ಕಾಲುವೆ ಒಡೆದಾಗ ಅಲ್ಲಿಯ ಜನ ಟ್ಯಾಂಕರಿಗೆ ಕಾಯಬೇಕಾಗುತ್ತದೆ.

ಬೋರ್‌ವೆಲ್ ಕೊರೆಸಿದರಾಯಿತು ಎಂದುಕೊಳ್ಳಬೇಡಿ. 2002ರ ಗೋವಾ ಅಂತರ್ಜಲ ನಿಯಂತ್ರಣ ಕಾಯಿದೆಯಂತೆ ಹೊಸ ಬಾವಿಗೂ ಬೋರ್‌ವೆಲ್‌ಗೂ ಮೊದಲೇ ಅನುಮತಿ ಬೇಕು. ಇರುವ ಬಾವಿ ನೋಂದಣಿಯಾಗಿರಬೇಕು. ಆದ್ದರಿಂದ ಜಾಗವನ್ನು ಮಳೆಗಾಲದಲ್ಲಿ ನೋಡಿದ್ದರೆ ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ. ನೆರೆಮನೆಯವರನ್ನು ಕೊಂಕಣಿಯಲ್ಲೇ ಮಾತನಾಡಿಸಿ. ದಿನಕ್ಕೆ ಎಷ್ಟು ತಾಸು ನೀರು, ಎಷ್ಟು ಸಲ ಟ್ಯಾಂಕರ್ ತರಿಸುತ್ತಾರೆ ಎಂದು ವಿಚಾರಿಸಿ. ನಮಗೆ ಎರಡು ಭಾಷೆ ಬರುವುದು ಇಂಥಲ್ಲಿ ಉಪಯೋಗಕ್ಕೆ ಬರಬೇಕು.

ಕರೆಂಟಿನ ವಿಷಯದಲ್ಲೂ ಎಚ್ಚರ ಬೇಕು. ಮೀಟರ್ ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟಿದೆ ಎಂದು ಬಿಲ್ಲು ಹಿಡಿದು ನೋಡಿ. ನಿಯಮದಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕನ ಬಾಕಿಯನ್ನು ಹೊಸಬನಿಂದ ಕೇಳಬಹುದೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಖಾಲಿ ಪ್ಲಾಟಾದರೆ ಕಂಬ ಎಷ್ಟು ದೂರದಲ್ಲಿದೆ ಎಂದೂ ನೋಡಿಕೊಳ್ಳಿ.

ಇನ್ನು ಎರಡನೆಯ ಪ್ರಶ್ನೆ. ಇದೇ ಹೆಚ್ಚು ಮುಖ್ಯವಾದದ್ದು. ಗೋವೆಯಲ್ಲಿ ವಾಸಯೋಗ್ಯ ಪ್ರಮಾಣಪತ್ರವಿಲ್ಲದ ಮನೆಗೂ ಸಾರ್ವಜನಿಕ ಆರೋಗ್ಯ ಕಾಯಿದೆಯಡಿ ಆರೋಗ್ಯಾಧಿಕಾರಿಯ ಪತ್ರದ ಮೇಲೆ ನೀರು, ವಿದ್ಯುತ್ತು ಸಿಗುವುದುಂಟು. ಮನುಷ್ಯರಿಗೆ ನೀರಿಲ್ಲದೆ ಆಗದು ಎಂಬ ಕಾರಣಕ್ಕೆ ಕೊಡುವ ಪತ್ರ ಅದು. ಅದರಿಂದ ನೆಲ ತಮ್ಮದಾಗುವುದಿಲ್ಲ. ಮನೆ ನಂಬರು, ಪಂಚಾಯತಿಯ ಮನೆಪಟ್ಟಿ ರಸೀದಿ ಇದ್ದರೂ ಅಷ್ಟೇ. 2024ರ ಏಪ್ರಿಲ್‌ನಲ್ಲಿ ಸಾಂಗೋಲ್ಡಾದಲ್ಲಿ, ಗಾಂವ್ಕಾರರ ಸಾಮೂಹಿಕ ಒಡೆತನದ ಕೊಮುನಿದಾದ್ ಭೂಮಿಯಲ್ಲಿದ್ದ 22 ಮನೆಗಳನ್ನು ಹೈಕೋರ್ಟಿನ ಆದೇಶದಂತೆ ಕೆಡವಿದರು. ಬೀದಿಗೆ ಬಿದ್ದವರಲ್ಲಿ ಕನ್ನಡಿಗರೂ ಇದ್ದರು.

ಹಾಗಾಗಿ ‘ಒಂದು ಮತ್ತು ಹದಿನಾಲ್ಕು’ ನಮೂನೆಯನ್ನು ಕೇಳಿ ಪಡೆಯಿರಿ. ಅದು ನಮ್ಮ ಪಹಣಿ ಇದ್ದ ಹಾಗೆ. ಮಾಲೀಕರ ಹೆಸರಿನ ಜಾಗದಲ್ಲಿ ಕೊಮುನಿದಾದ್ ಎಂದೋ ಸರಕಾರ ಎಂದೋ ಇದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಭೂಪರಿವರ್ತನೆಯ ಸನದು, ವಲಯ ಪ್ರಮಾಣಪತ್ರ, ಕಟ್ಟಿದ ಮನೆಯಾದರೆ ವಾಸಯೋಗ್ಯ ಪ್ರಮಾಣಪತ್ರ. ಇವನ್ನು ತಮ್ಮದೇ ವಕೀಲರಿಗೆ ತೋರಿಸಿ, ಮಾರುವವನು ಕರೆತಂದ ವಕೀಲರಿಗಲ್ಲ.

ಹೊಲ ಮಾರಿದ ಹಣ ಎರಡನೆಯ ಸಲ ಬರುವುದಿಲ್ಲ. ಒಂದು ಬೇಸಿಗೆ ಕಾದು ನೋಡಿದರೆ ನಷ್ಟವೇನೂ ಇಲ್ಲ.