ದಾದಿಯರ ಶಿಕ್ಷಣ: ಒಂದು ಅರಿಕೆ



ದಾದಿಯರ ಕೊರತೆ ಇಂದಿನದಲ್ಲ. 1946ರ ಭೋರ್ ಸಮಿತಿಯ ವರದಿಯಂತೆ ಆಗ ಸುಮಾರು 43,000 ಜನರಿಗೆ ಒಬ್ಬರೇ ದಾದಿ. ಅದಕ್ಕೂ ಮುಂಚೆಯೇ, ನಾವು ನೆಲೆಸಿರುವ ಈ ಪುಣೆಯಲ್ಲಿ, 1909ರಲ್ಲಿ ಹುಟ್ಟಿದ ಸೇವಾಸದನದ ಮೂಲಕ ರಮಾಬಾಯಿ ರಾನಡೆಯವರು ಹೆಣ್ಣುಮಕ್ಕಳನ್ನು ಸಸೂನ್ ಆಸ್ಪತ್ರೆಯ ಶುಶ್ರೂಷಾ ತರಬೇತಿಗೆ ಕಳುಹಿಸಿದರು. ಆ ಕೆಲಸಕ್ಕೆ ಜನ ಮೂಗು ಮುರಿಯುತ್ತಿದ್ದ ಕಾಲವದು.

ಈಗ ಕಾಲೇಜುಗಳು ಹೆಚ್ಚುತ್ತಿವೆ. 2023ರ ಕೇಂದ್ರ ಮುಂಗಡಪತ್ರವು ಇನ್ನೂ 157ನ್ನು ಸಾರಿತು. ಸಂತೋಷವೇ. ಆದರೆ ಬ್ಯಾಂಕಿನಲ್ಲಿ ವಿದ್ಯಾಸಾಲದ ಅರ್ಜಿಗಳನ್ನು ನೋಡುವ ನನ್ನದೊಂದು ಅರಿಕೆ. ಶುಶ್ರೂಷೆಯನ್ನು ರೋಗಿಯ ಮಗ್ಗುಲಲ್ಲಿ ನಿಂತೇ ಕಲಿಯಬೇಕು. ಮಗಳನ್ನೋ ಮಗನನ್ನೋ ಸೇರಿಸುವ ಮುನ್ನ ನರ್ಸಿಂಗ್ ಕೌನ್ಸಿಲಿನ ಮನ್ನಣೆಯುಂಟೇ, ಆಸ್ಪತ್ರೆಯಲ್ಲಿ ಹಾಸಿಗೆಗಳೆಷ್ಟು, ಕಲಿಸುವವರಾರು ಎಂದು ಕೇಳಿರಿ. ಸಾಲ ಕಂತಿನಲ್ಲಿ ತೀರೀತು, ಬಿ.ಎಸ್‌ಸಿ. ನರ್ಸಿಂಗಿನ ನಾಲ್ಕು ವರ್ಷ ವ್ಯರ್ಥವಾದರೆ ಮರಳಿ ಬಾರದು.